ಕಲ್ವಾರಿಯಾದಲ್ಲಿ ಒಂದು ಸಹಿ

ನಾನು ಮೀಟರ್ ಓದುವವಳು.
ರೀಗಾದ ಮೂರನೇ ಮಹಡಿಯಿಂದ ವರ್ಷಕ್ಕೆರಡು ಸಲ ಹೊರಟು
ಯಾರ ಲಾರಿ ಎಷ್ಟು ಓಡಿತು, ಏನು ಕುಡಿದು ಓಡಿತು
ಎಂದು ಬರೆದುಕೊಂಡು ಬರುವವಳು.

ಫೆಬ್ರವರಿಯಲ್ಲಿ ಸ್ವೀಡನ್ನಿನ ಬಡಗಣ ತುದಿ, ಶೆಲೆಫ್ಟಿಯೊ.
ಮೈನಸ್ ಇಪ್ಪತ್ತಾರು.
ಟೊರ್ಗ್ನಿಯ ಅರವತ್ತು ಟನ್ನಿನ ಲಾರಿ
ಕೊಟ್ಟಿಗೆಯ ಎಮ್ಮೆಯ ಹಾಗೆ
ದಪ್ಪ ಕೇಬಲ್ಲಿನ ಕೊನೆಗೆ ನಿಂತು
ಕರೆಂಟು ಮೆಲುಕು ಹಾಕುತ್ತಿತ್ತು.
ಅಂಗಳದಲ್ಲಿ ಹಬೆಯೆದ್ದದ್ದು
ಅವನ ಕಾಫಿ ಲೋಟದಿಂದ ಮಾತ್ರ.

‘ದಿಮ್ಮಿ ಹೇರಿಕೊಂಡು ಹೋಗ್ತಾ ಇದ್ರೆ
ಹಿಮಸಾರಂಗಗಳಿಗೆ ಗೊತ್ತೇ ಆಗೋದಿಲ್ಲ’ ಎಂದ.
ಹೆಮ್ಮೆಯೋ ದೂರೋ, ತಿಳಿಯಲಿಲ್ಲ.

ಓದಿದೆ. ಗುಣಿಸಿದೆ. ಕಳೆದೆ.
ಉಳಿದದ್ದು ಸುಡದ ಡೀಸೆಲ್ಲಿನ
ಹುಟ್ಟದೇ ಹೋದ ಹೊಗೆ,
ನಲವತ್ತೊಂದು ಟನ್.
ಕೂಸು ಹುಟ್ಟುವ ಮುಂಚೆ ಕುಲಾವಿ ಅನ್ನುತ್ತಾರೆ;
ನನ್ನ ಕಸುಬಿನಲ್ಲಿ
ಹುಟ್ಟದಿರುವುದಕ್ಕೇ ಜನನಪತ್ರ.

ಆ ಪತ್ರ ಲಾರಿಯಿಂದಿಳಿದು
ತನ್ನ ಪಾಡಿಗೆ ತಾನು ಪೇಟೆಗೆ ಹೋಗುತ್ತದೆ.
ಆಂಟ್ವರ್ಪಿನ ಶೂ ಕಂಪನಿಯೊಂದು ಕೊಳ್ಳುತ್ತದೆ.
ಅದರ ಒಂದು ಜೋಡಿಯೂ ಶೆಲೆಫ್ಟಿಯೊದ ಮಂಜು ತುಳಿದಿಲ್ಲ.
ಅವು ಕೌನಾಸಿನಿಂದ ಡೀಸೆಲ್ ಲಾರಿ ಏರಿ
ಕೆಮ್ಮುತ್ತ ಪಡುವಣಕ್ಕೆ ಬರುತ್ತವೆ.
ವರದಿಯಲ್ಲಿ ಮಾತ್ರ ಹೊಗೆಯಿಲ್ಲದೆ ಬರುತ್ತವೆ.
ಮಿಂದವರು ಒಬ್ಬರು,
ಮಡಿಯಾದವರು ಇನ್ನೊಬ್ಬರು.

ಒಂದೇ ಪತ್ರ ಇಬ್ಬರಿಗೆ ಮಾರಿಹೋಗದಂತೆ
ನಂಬರು ಕೊಟ್ಟು ಕಾಯುವುದೂ ನನ್ನ ಕೆಲಸ.
ಮಾರಿದ ಮೇಲೆ ಟೊರ್ಗ್ನಿ
ನನ್ನದು ಶುಭ್ರ ಗಾಡಿ ಎನ್ನುವಂತಿಲ್ಲ;
ಆ ಮಾತೂ ಮಾರಿಹೋಗಿದೆ.
‘ಮಗಳ ಶಾಲೆಯಲ್ಲಿ ಹೇಳಿಬಿಟ್ಟೆನಲ್ಲ, ತಪ್ಪಾ?’ ಎಂದ.
ನಿಯಮಾವಳಿ ತಿರುವಿ ನೋಡಿದೆ.
ಶಾಲೆಯ ಬಗ್ಗೆ ಏನೂ ಇರಲಿಲ್ಲ.

ಏಪ್ರಿಲ್. ಲಿಥುವೇನಿಯಾ ಮುಗಿದು ಪೋಲೆಂಡ್ ಶುರುವಾಗುವಲ್ಲಿ
ಕಲ್ವಾರಿಯಾ. ಲಾರಿಗಳ ತಂಗುದಾಣ.
ಈ ತುದಿಯನ್ನೂ ನೋಡಬೇಕಲ್ಲ.
ರಿಮ್ವಿದಾಸನ ಗಾಡಿಗೆ ಹದಿನಾಲ್ಕು ವರ್ಷ.
ಕಡ್ಡಾಯ ವಿಶ್ರಾಂತಿಯ ಒಂಬತ್ತು ಗಂಟೆಯಲ್ಲಿ
ಪುಟ್ಟ ಸ್ಟವ್ವಿನ ಮೇಲೆ ಬೀಟ್‌ರೂಟ್ ಸಾರು ಕುದಿಸುತ್ತಿದ್ದ.
ಪತ್ರ ತೋರಿಸಿದೆ: ನೋಡಿ, ನಿಮ್ಮ ಈ ಲೋಡು,
ಹನ್ನೊಂದು ಟನ್ ಶೂ, ಹೊಗೆ ಸೊನ್ನೆ.

ಓದಿದ.
ತನ್ನ ಲಾರಿಯನ್ನು ನೋಡಿದ.
ಮತ್ತೆ ಓದಿದ.
ನಗಲಿಲ್ಲ, ಬೈಯಲಿಲ್ಲ.
ಹಿಂದೆ ಹೋಗಿ ಸೈಲೆನ್ಸರಿನ ಬಾಯೊಳಗೆ
ಹೆಬ್ಬೆರಳು ಒಂದು ಸುತ್ತು ತಿರುಗಿಸಿ
‘ಚಾಲಕರ ಸಹಿ’ ಎಂದಿದ್ದಲ್ಲಿ ಒತ್ತಿದ.
ಐದು ಭಾಷೆ ಓದಬಲ್ಲವನ ಹೆಬ್ಬೆಟ್ಟು.

ಹೇಳಬೇಕೆಂದಿದ್ದೆ:
ನಿನ್ನ ಈ ದಾರಿಯಲ್ಲಿ ಚಾರ್ಜಿಂಗ್ ಕಂಬವಿಲ್ಲ,
ಇರುವಲ್ಲಿ ಓಡಿಸುವವನಿಗೆ ಕೈ ಕಚ್ಚುತ್ತದೆ,
ಆ ಶೂ ಕಂಪನಿಯ ದುಡ್ಡಿನಿಂದಲೇ
ಟೊರ್ಗ್ನಿಯ ಯಜಮಾನ ಎರಡನೆಯದನ್ನು ಕೊಂಡ,
ಬರುವ ವರ್ಷ ಮೂರನೆಯದು,
ಹಾಗೇ ಒಂದು ದಿನ ಆ ಕೇಬಲ್ಲು ಇಲ್ಲಿಗೂ…
ಸುಳ್ಳಲ್ಲ. ಎರಡನೆಯದನ್ನು
ನಾನೇ ಮುಟ್ಟಿ ಬಂದಿದ್ದೇನೆ.

ಆಗ ಗಾಳಿ ಊರ ಕಡೆಗೆ ತಿರುಗಿತು.
ಬೇಲಿಯಾಚೆ ದಾಂಗುವೋಲೆ ಎಂಬ ಮುದುಕಿ
ಹಗ್ಗದ ಮೇಲಿನ ಬಿಳಿ ಹೊದಿಕೆ ತೆಗೆದು
ಮೂಗಿಗೆ ಹಿಡಿದು ನೋಡಿ
ಮತ್ತೆ ಬಕೆಟ್ಟಿಗೆ ಹಾಕಿದಳು.
ರಿಮ್ವಿದಾಸ ಅವಳಿಗೆ ಕೈಬೀಸಿದ. ಗುರುತಿನವಳು.
ಅವಳು ಬೀಸಲಿಲ್ಲ.

‘ಸಾರು ಕುಡಿ, ಆರಿಹೋಗುತ್ತೆ’ ಎಂದ ನನಗೆ.
ಕುಡಿದೆ.
ಉಪ್ಪು ಒಂದು ಕಲ್ಲು ಹೆಚ್ಚಾಗಿತ್ತು.

ರೀಗಾದ ಸ್ಕ್ಯಾನರು ಬಲು ಜಾಣ;
ಆ ಹೆಬ್ಬೆಟ್ಟನ್ನು ಕಲೆ ಎಂದು ಬಗೆದು
ತಾನಾಗಿ ಅಳಿಸಿ ಅಚ್ಚ ಬಿಳಿ ಹಾಳೆ ಕಳಿಸಿತು.
ಆಂಟ್ವರ್ಪಿನವರು ಧನ್ಯವಾದ ಬರೆದರು.

ಮೂಲಪ್ರತಿ ನನ್ನ ಮೇಜಿನ ಡ್ರಾಯರಿನಲ್ಲಿದೆ.
ಮುಟ್ಟಿದರೆ
ಇನ್ನೂ ಕೈಗೆ ಹತ್ತುತ್ತದೆ.